ಎರಡು ಸುತ್ತಿನ ಗಂಟು

ಒಣಗಿದ ಕಡಲೆಕಾಯಿಯ ಸಿಪ್ಪೆ ಬಲು ಗಟ್ಟಿ. ಇಡೀ ದಿನ ಕೈಯಲ್ಲೇ ಬಿಡಿಸಿದರೆ ಹೆಬ್ಬೆರಳಿನ ಉಗುರು ಮೇಲೇಳುತ್ತದೆ, ರಕ್ತ ಜಿನುಗುತ್ತದೆ. ಶೆಡ್ಡಿನ ನಲವತ್ತು ಹೆಂಗಸರಲ್ಲಿ ನೆಟ್ಟಗಿನ ಉಗುರಿದ್ದವಳು ಒಬ್ಬಳೂ ಇರಲಿಲ್ಲ. ಅದಕ್ಕೇ ಸಿಪ್ಪೆ ಮೆತ್ತಗಾಗಲೆಂದು ರಾಶಿಗೆ ನೀರು ಚಿಮುಕಿಸುತ್ತಿದ್ದರು. ಅವರ ಅಮ್ಮಂದಿರೂ ಹಾಗೇ ಮಾಡಿದ್ದರು.

ಈ ಸಲ ಬೀಜ ಹಡಗು ಹತ್ತುವುದಿತ್ತು. ಧಣಿ ತಾನೇ ನಿಂತು ನೀರಿನ ಡ್ರಮ್ಮು ಇಡಿಸಿದ. "ಹೊರದೇಶದವರು ಮಾಲು ಕೇಳಿದಾರೆ ಕಣ್ರಮ್ಮ. ಇನ್ನು ವರ್ಷವಿಡೀ ಕೆಲಸ. ಧಾರಾಳವಾಗಿ ಚಿಮುಕಿಸಿ, ಬೇಗ ಬೇಗ!"

ಚೀಲದ ಬಾಯಿ ಹೊಲಿಯುವವಳು ಗಂಟಕ್ಕ. ಕೊನೆಯಲ್ಲಿ ಎರಡು ಸುತ್ತು ಹಾಕಿ ಒಳಮಡಚಿ ಬಿಗಿಯುವ ಗಂಟು ಅವಳದೇ. ಹೆಸರು ಬಂದದ್ದೂ ಅದರಿಂದಲೇ.

"ಅಕ್ಕಾ, ನಿನ್ನ ಗಂಟು ಬಿಚ್ಚೋಕೆ ಅಲ್ಲಿಯವರು ನಿನ್ನನ್ನೇ ಕರೆಸ್ಕೋಬೇಕು ನೋಡು," ಎಂದು ಪಕ್ಕದ ಬಾಯಾಳಿ ರೇಗಿಸಿದಳು.

"ಕರೆಸ್ಕೊಳ್ಳಲಿ ಬಿಡೇ. ಮೊಮ್ಮಗಳನ್ನೂ ಕರ್ಕೊಂಡು ಹೋಗ್ತೀನಿ."

ಎರಡು ತಿಂಗಳಿಗೆ ಮಾಲು ವಾಪಸ್ಸು ಬಂತು. ಒದ್ದೆಯಾಗಿದ್ದ ಬೀಜ ಚೀಲದಲ್ಲೇ ಬೆವೆತು ಬೂಷ್ಟು ಹಿಡಿದಿತ್ತು. ಪ್ರತಿ ಚೀಲದ ಮೇಲೂ ಬೇಡವೆಂದು ಆ ದೇಶದವರು ಒತ್ತಿದ ಕೆಂಪು ಮುದ್ರೆ. ಹಿಂದೆಯೇ ತನಿಖೆಗೆ ಸರ್ಕಾರದ ಸಾಹೇಬರು ಬಂದರು.

"ಇದು ವಿಷ. ಲಿವರ್ ತಿಂದುಹಾಕತ್ತೆ. ಅಲ್ಲಿ ದನಕ್ಕೂ ಹಾಕಲ್ಲ. ನೀರು ಹಾಕಿದ್ಯಾರು?"

"ಈ ಹೆಂಗಸರೇ ಸ್ವಾಮಿ. ಬೇಡ ಬೇಡ ಅಂತ ಬಡ್ಕೊಂಡೆ," ಎಂದ ಧಣಿ.

ಗಂಟಕ್ಕ ಎದ್ದು ನಿಂತಳು. "ಡ್ರಮ್ಮು ಇಡಿಸಿದ್ದು ನೀವೇ ಅಲ್ವಾ ಧಣಿ? ನೀರು ಹಾಕಬಾರದು ಅಂತ ನಮಗೆ ಹೇಳಿದೋರ್ಯಾರು ಸಾಹೇಬ್ರೇ?"

"ನಿಯಮದ ಪುಸ್ತಕ ಕಳಿಸಿದ್ವಲ್ಲ!"

ಪುಸ್ತಕ ಧಣಿಯ ಮೇಜಿನ ಖಾನೆಯಲ್ಲಿತ್ತು. ಪ್ಲಾಸ್ಟಿಕ್ ಹೊದಿಕೆಯನ್ನೂ ಹರಿದಿರಲಿಲ್ಲ. ಸಾಹೇಬರು ಬಿಡಿಸಿ ಎರಡು ಪುಟ ತಿರುವಿದರು. ಅಕ್ಷರವೆಲ್ಲ ಹೊರದೇಶದ್ದು. ಮೆಲ್ಲಗೆ ಮುಚ್ಚಿಟ್ಟರು.

ಕಾಗದ ಸಿದ್ಧವಾಯಿತು: ತಪ್ಪು ಕೂಲಿಯವರದು. "ಹೆಬ್ಬೆಟ್ಟು ಒತ್ತಿದ್ರೆ ಶೆಡ್ಡು ಉಳಿಯತ್ತೆ. ಇಲ್ದಿದ್ರೆ ಎಲ್ಲರೂ ಮನೆಗೆ," ಎಂದ ಧಣಿ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಒತ್ತಿದರು. ಕೊನೆಗೆ ಗಂಟಕ್ಕನೂ ಒತ್ತಿದಳು. ಶಾಯಿ ಉಗುರಿನ ಗಾಯಕ್ಕೆ ಇಳಿದು ಉರಿಯಿತು.

"ಈ ವಿಷಾನ ಏನ್ಮಾಡ್ತೀರಿ ಸಾಹೇಬ್ರೇ?" ಎಂದು ಕೇಳಿದಳು.

"ನಾಶ ಮಾಡಿಸ್ತೀವಿ."

ಮುಂದಿನ ವಾರವೇ ಸಿಪ್ಪೆ ಬಿಡಿಸುವ ಯಂತ್ರ ಬಂತು. ಹೊರದೇಶದವರ ಷರತ್ತಂತೆ. ನಲವತ್ತು ಜನರೂ ಮನೆಗೆ ಹೋದರು.

ಒಂದು ಸಂಜೆ ಗಂಟಕ್ಕ ಬಂದಾಗ ಬೀದಿ ಕೊನೆಯ ಅಂಗಡಿಯ ಮುಂದೆ ಮೊಮ್ಮಗಳು ಏನೋ ಅಗಿಯುತ್ತ ನಿಂತಿದ್ದಳು. "ಅಜ್ಜಿ, ಇದು ಕಹಿ."

ಅಂಗಡಿಯ ಬಾಗಿಲಲ್ಲೇ ಕಡಲೆಬೀಜದ ಚೀಲ. ಕೆಂಪು ಮುದ್ರೆಯ ಬದಿಯನ್ನು ಗೋಡೆಗೆ ತಿರುಗಿಸಿಟ್ಟಿದ್ದರು. ಗಂಟು ಬಿಚ್ಚಲಾಗದೆ ಪಕ್ಕದಲ್ಲಿ ಕತ್ತರಿಸಿದ್ದರು. ಎರಡು ಸುತ್ತಿನ ಗಂಟು ಹಾಗೇ ನೇತಾಡುತ್ತಿತ್ತು.

"ಉಗಿಯೇ! ಉಗಿ!" ಗಂಟಕ್ಕ ಮಗುವಿನ ಬಾಯಿಗೆ ಬೆರಳು ಹಾಕಿದಳು. "ಇದು ವಿಷ ಕಣ್ರಪ್ಪೋ, ಯಾರೂ ತಗೋಬೇಡಿ!"

"ಹಾಗಂದ್ರೆ ಉಪವಾಸ ಬೀಳು. ಎಲ್ಲಾ ಅಂಗಡೀಲೂ ಇದೇ ಇರೋದು," ಎಂದ ಅಂಗಡಿಯವನು.

ಕೊಳ್ಳಲು ನಿಂತವರ ಸಾಲಿನಲ್ಲಿ ಬಾಯಾಳಿಯೂ ಇದ್ದಳು, ಪಾತ್ರೆ ಹಿಡಿದು. ಅವಳು ರೇಗಿಸಲಿಲ್ಲ. ತಲೆ ತಗ್ಗಿಸಿ, "ಅಗ್ಗ ಅಕ್ಕಾ," ಎಂದಳು.

ಗಂಟಕ್ಕ ರವಿಕೆಗೆ ಸಿಕ್ಕಿಸಿಕೊಂಡಿದ್ದ ದಬ್ಬಳ ತೆಗೆದಳು. ನೇತಾಡುತ್ತಿದ್ದ ದಾರ ಪೋಣಿಸಿದಳು. ಅಲ್ಲೇ ಕೂತು ಚೀಲದ ಬಾಯಿ ಹೊಲಿಯತೊಡಗಿದಳು. ಅಂಗಡಿಯವನು ರಟ್ಟೆ ಹಿಡಿದು ಎಳೆದರೂ ಏಳಲಿಲ್ಲ.

ಒಳಗೆ ಇನ್ನೂ ಹನ್ನೊಂದು ಚೀಲಗಳಿದ್ದವು. ಎಲ್ಲದಕ್ಕೂ ಅವಳದೇ ಗಂಟು.