ಹೊಸ ವಿಳಾಸದ ಐದನೆಯ ದಿನ

"ಅದನ್ನ ಕೆಳಗಿಡು. ಎಂಟನೇ ಕ್ಲಾಸು ದಾಟದವನ ಉಪಕಾರ ಈ ಮನೆಗೆ ಸಾಕಾಗಿದೆ."

ಹೆಗಲ ಮೇಲಿದ್ದ ಚಿತೆಯ ಮಾವಿನ ಕೊರಡನ್ನು ಶಂಭುಲಿಂಗ ಟೆಂಪೋಗೆ ಹಾಕುವುದರಲ್ಲಿದ್ದ. ಮಾತು ಬಂದದ್ದು ಅಂಗಳದ ನಡುವಿನಿಂದ, ತೀರಿಕೊಂಡ ಶಾಂತಾರಾಮ ಹೆಗಡೆಯವರ ಹೆಂಡತಿಯ ಅಣ್ಣ ನಾಗಪತಿ ಭಟ್ಟರ ಬಾಯಿಂದ. ಇಸಳೂರಿನ ಆ ಸಾವಿನ ಮನೆಯ ಮುಂದೆ ಸೇರಿದ್ದ ಮೂವತ್ತು ಜನವೂ ಅವನ ಕಡೆ ತಿರುಗಿದರು.

"ಭಾವನಿಗೆ ಎದೆನೋವು ಇತ್ತು ಹೇಳಿ ಊರಿಗೇ ಗೊತ್ತು. ಇಂದು ತೆರೀತದೆ, ನಾಳೆ ತೆರೀತದೆ ಹೇಳಿ ದಿನಾ ಶಿರಸಿಗೆ ಓಡಾಡಿಸ್ದೆ. ಬೆಳಗಿಂದ ಹೆಣ ಇಟ್ಕಂಡು ಕೂತ ಮನೆಗೆ ಮೂರು ಫೋನು, ಎರಡು ದಿನದಿಂದ ಒತ್ತಿದ್ರೂ ನಿಮ್ಮ ಕಂಪ್ಯೂಟರ್ ಅಡ್ರೆಸ್ ತೆರೀತಾ ಇಲ್ಲ ಹೇಳಿ. ಒಂದು ಅಡ್ರೆಸ್ ಜೋಡಿಸೂಕೆ ಬಾರದವ ಸೈಬರ್ ಅಂಗಡಿ ಎಂತಕೆ ಇಟ್ಟೆ?"

ಶಂಭುಲಿಂಗನ ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುವಂಥದ್ದು. ಬನವಾಸಿಯ ಶಾಲೆಯಲ್ಲಿ ಮಾಸ್ತರರು ಅಪ್ಪನ ಹೆಸರೆತ್ತಿ ಬೈದರೆಂದು ಪುಸ್ತಕದ ಚೀಲವನ್ನು ಅವರ ಮೇಜಿನ ಮೇಲೆ ಒಗೆದು ಎದ್ದು ಬಂದವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಆದರೆ ಭಟ್ಟರು ಈಗ ಹೇಳಿದ್ದನ್ನು ಅವನು ಬೆಳಗಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಕೊರಡನ್ನು ಸದ್ದಾಗದಂತೆ ಕೆಳಗಿಟ್ಟು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ನಿಂತ.

*

ಶಾಂತಾರಾಮ ಹೆಗಡೆಯವರು ಯಲ್ಲಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನಲ್ಲಿ ನೂರು ಫೋನೂ ಇಲ್ಲದ ಕಾಲ. ಯಾರು ಯಾರಿಗೆ ಮಾತಾಡಬೇಕಾದರೂ ಇವರ ಕೈಯಿಂದಲೇ ತಂತಿ ಜೋಡಣೆಯಾಗಬೇಕಿತ್ತು. ನಿವೃತ್ತರಾದ ಮೇಲೆ ಇಸಳೂರಿನಿಂದ ಬಸ್ಸು ಹಿಡಿದು ಶಿರಸಿಗೆ ಬಂದು, ಶಂಭುಲಿಂಗನ ಸೈಬರ್ ಅಂಗಡಿಯ ಮೂಲೆಯ ಕುರ್ಚಿಯಲ್ಲಿ ಕೂತು ಆ ಕಾಲದ ನೆನಪು ಹೇಳುತ್ತಿದ್ದರು. ಅವನು ಟೈಪು ಮಾಡಿ ಅವರ ಬ್ಲಾಗಿಗೆ ಹಾಕುತ್ತಿದ್ದ. ಒಂದು ಹಳೆಯ ನಂಬರಿಗೆ ಒಂದು ಬರಹ. ಏಳನೇ ನಂಬರು ಕಟ್ಟಿಗೆ ಡಿಪೋದ್ದು. ಇಪ್ಪತ್ತಾರು ಒಬ್ಬ ಲಾರಿ ಮಾಲೀಕನದು. ಅವನು ಮಂಗಳೂರಿಗೆ ಕೊಟ್ಟ ಮಗಳಿಗೆ ಟ್ರಂಕ್‌ಕಾಲ್ ಬುಕ್ ಮಾಡಿ, ಲೈನು ಸಿಕ್ಕಿದೊಡನೆ ಮಾತು ಹೊರಡದೆ, "ನೀವೇ ಹೇಳಿಬಿಡ್ರಿ, ನಾ ಆರಾಮಿದೇನಿ ಅಂತ" ಎಂದು ಆಪರೇಟರಿನ ಮೇಲೆ ಹಾಕುತ್ತಿದ್ದ. ಹೀಗೆ ಅರವತ್ತೊಂದು ನಂಬರುಗಳು ಬ್ಲಾಗಿಗೆ ಏರಿದ್ದವು.

ಬ್ಲಾಗಿಗೆ ಪುಕ್ಕಟೆ ಸಿಕ್ಕಿದ್ದ ವಿಳಾಸ ಮಾರುದ್ದದ್ದು, ಅದರಲ್ಲಿ ಅರ್ಧ ಪುಕ್ಕಟೆ ಜಾಗ ಕೊಟ್ಟ ಕಂಪನಿಯ ಹೆಸರು. 2009ರಲ್ಲಿ, ತೀರಿಕೊಂಡ ವಾರದ ಸೋಮವಾರ, ದುಡ್ಡು ಕೊಟ್ಟು ಸ್ವಂತ ವಿಳಾಸ ತೆಗೆದುಕೊಂಡರು. ತೆಗೆದುಕೊಂಡ ಗಳಿಗೆಯಲ್ಲೇ ಹಳೆಯ ಫೋನಿನವರ ಮನೆಗಳಿಗೆಲ್ಲ ನಲವತ್ತು ಕಾರ್ಡು ಬರೆದು ಹಾಕಿಬಿಟ್ಟರು: ಹೊಸ ವಿಳಾಸ ಇದು, ತೆರೆಯದಿದ್ದರೆ ಮನೆಗೆ ಫೋನು ಮಾಡಿ.

ತೆರೆಯಲಿಲ್ಲ.

ಹೆಸರು ಕೇಳಿದವರಿಗೆ ಬ್ಲಾಗು ಇರುವ ಜಾಗ ತೋರಿಸುವುದು ನೇಮ್‌ಸರ್ವರ್ ಎಂಬುದರ ಕೆಲಸ. ಅದನ್ನು ಒಮ್ಮೆ ತುಂಬಿಸಿದ ಮೇಲೆ ಊರೂರಿನ ಕಂಪ್ಯೂಟರುಗಳಿಗೆ ಸುದ್ದಿ ಮುಟ್ಟಲು ಎರಡು ದಿನವೂ ಹಿಡಿಯಬಹುದು. ಶಂಭುಲಿಂಗನಿಗೆ ಇದು ಗೊತ್ತಿತ್ತು. ಆದರೆ ಅರ್ಧ ತಾಸಿಗೊಮ್ಮೆ ಒತ್ತಿ ನೋಡುವುದು, ಇಲ್ಲವೆಂದರೆ ಕೀಬೋರ್ಡಿಗೆ ಗುದ್ದುವುದು. ಮಂಗಳವಾರ ಅದನ್ನು ತೆಗೆದು ಬೇರೆ ನೇಮ್‌ಸರ್ವರ್ ಹಾಕಿದ. ಬುಧವಾರ ಮತ್ತೆ ಮೊದಲಿನದನ್ನೇ ಹಾಕಿದ. ಬದಲಿಸಿದ ಪ್ರತಿ ಸಲವೂ ಕಾಯುವುದು ಮೊದಲಿನಿಂದ ಶುರು.

ಮೂಲೆಯ ಕುರ್ಚಿಯಲ್ಲಿ ಎದೆ ನೀವಿಕೊಳ್ಳುತ್ತ ಕೂತಿದ್ದ ಹೆಗಡೆಯವರು ಅಂದರು, "ಕೈ ತೆಗಿ ತಮಾ. ನೀ ಮುಟ್ಟಿದಷ್ಟೂ ತಡ."

"ಹಂಗಂದ್ರ ಸುಮ್ನ ಕುಂದ್ರೂದೇನ್ರಿ?"

"ಮತ್ತೆ? ನಾ ಎರಡು ತಿಂಗ್ಳು ಕೂತಿದ್ದೆ."

ತೊಂಬತ್ತನಾಲ್ಕರಲ್ಲಿ ಯಲ್ಲಾಪುರಕ್ಕೆ ತಾನೇ ಜೋಡಿಸಿಕೊಳ್ಳುವ ಎಕ್ಸ್‌ಚೇಂಜು ಬಂದು, ಒಂದೇ ದಿನಕ್ಕೆ ಎಲ್ಲರ ನಂಬರೂ ಬದಲಾಯಿತಂತೆ. ಹಳೆಯ ನಂಬರು ಹಿಡಿದು ಪರದಾಡುವವರಿಗೆ ಹೊಸದನ್ನು ಹೇಳಲು, ಯಾರೂ ಹೇಳದಿದ್ದರೂ ಇವರೇ ಒಂದು ಫೋನಿನ ಮುಂದೆ ಕೂತರಂತೆ.

"ದಿನಾ ಕೇಳ್ತಿದ್ದವರ ಬಾಯಿಂದ ಹಳೇ ನಂಬರು ಹೋಗೂಕೆ ಎರಡು ತಿಂಗ್ಳು ಬೇಕಾಯ್ತು. ಜನ್ಮದಲ್ಲಿ ಒಂದು ಸಲವೂ ಫೋನು ಮಾಡದವ ಮೊದಲ್ನೇ ದಿನವೇ ಸರೀ ನಂಬರು ತಿರುಗಿಸ್ದ. ನಿನ್ನ ಈ ಪೆಟ್ಟಿಗೆ ದಿನಾ ಕೇಳೂ ಜಾತಿದು."

ಆ ಮಾತಿಗೂ ಶಂಭುಲಿಂಗ ಸಿಡುಕಿದ. ಆದರೆ ಅವತ್ತಿನಿಂದ ನೇಮ್‌ಸರ್ವರ್ ಮುಟ್ಟಲಿಲ್ಲ. ಗುರುವಾರ ಹೆಗಡೆಯವರು ಅಂಗಡಿಗೆ ಬರಲಿಲ್ಲ. ಶುಕ್ರವಾರ ಬೆಳಗಿನ ಜಾವ ಹೋಗಿಬಿಟ್ಟರು. ಸುದ್ದಿ ಕೇಳಿ ಶಂಭುಲಿಂಗ ಓಡಿ ಬರುವ ಮುಂಚೆ ಅಂಗಡಿಯಲ್ಲಿ ಮತ್ತೊಮ್ಮೆ ಒತ್ತಿ ನೋಡಿದ್ದ. ಆಗಲೂ ಇಲ್ಲ. ತಾನು ಕೈಯಾಡಿಸದೆ ಇದ್ದಿದ್ದರೆ ಮುದುಕ ನೋಡಿಕೊಂಡು ಹೋಗುತ್ತಿದ್ದ.

*

ಚಿತೆಗೆ ಬೆಂಕಿ ಕೊಡಬೇಕಾದ ಹೆಗಡೆಯವರ ತಮ್ಮ ತ್ಯಾಗಲಿಯಿಂದ ಇನ್ನೂ ಬಂದಿರಲಿಲ್ಲ. ನಾಗಪತಿ ಭಟ್ಟರು ಅವರನ್ನು ಎದುರುಗೊಳ್ಳಲು ರಸ್ತೆಗೆ ಹೋದಾಗ, ಯಲ್ಲಾಪುರದ ಬಸ್ಸಿನಿಂದ ಇಳಿದು ಬಂದ ಒಬ್ಬ ವಯಸ್ಸಾದ ಹೆಂಗಸು ಒಳಗೆ ಹೋಗಿ ಕೈಮುಗಿದು ಹೊರಬಂದಳು. ಯಾರನ್ನೋ ಕೇಳಿಕೊಂಡು ನೇರ ಒಗೆಯುವ ಕಲ್ಲಿನ ಕಡೆಗೇ ಬಂದಳು.

"ಶಂಭುಲಿಂಗ ಅಂದ್ರ ನೀನೇನಪಾ? ನಾ ಗೀತಾ. ಎಕ್ಸ್‌ಚೇಂಜಿನಾಗ ಹತ್ತೊಂಬತ್ತು ವರ್ಷ ಹೆಗಡೆ ಸರ್ ಮಗ್ಗುಲ ಕುರ್ಚಿ ನಂದು."

ಅವನು ತುಸು ಸರಿದು ಅವಳಿಗೆ ಜಾಗ ಬಿಟ್ಟ.

"ನಿನ್ನೆ ಮಧ್ಯಾಹ್ನ ನಮ್ಮನೀಗೆ ಬಂದಿದ್ರು. ಅರವತ್ತೆರಡನೇ ನಂಬರು ಯಾರದಿತ್ತು, ನೆನಪಾಗವಲ್ದು ಅಂತ ಕೇಳಾಕ. ಅವರ ಕಾರ್ಡು ಅಲ್ಲೇ ಗೂಡಿನಾಗ ಇತ್ತು. ನಮ್ಮ ಸೊಸಿ ನೋಡೇ ಬಿಡೂಣು ಅಂತ ಕಂಪ್ಯೂಟರಿನಾಗ ಒತ್ತಿದ್ಲು."

"ಏನ್ ಬಂತ್ರಿ?"

"ಏನ್ ಬರ್ತೈತಿ? ತೆರೀತು. ಮ್ಯಾಲೆ ಅವರ ಹೆಸರು, ಕೆಳಗ ನಂಬರಿನ ಸಾಲು."

ಶಂಭುಲಿಂಗ ಕಲ್ಲಿನ ಅಂಚು ಹಿಡಿದುಕೊಂಡ. "ಅದಕ್ಕ ಮದ್ಲ ನಿಮ್ಮನ್ಯಾಗ ಯಾವಾಗರ ಒತ್ತಿದ್ರೇನ್ರಿ?"

"ಇಲ್ಲಪಾ, ಅದೇ ಮೊದಲ್ನೇ ಸಲ." ಗೀತಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇಪ್ಪತ್ತಾರು, ಆ ಲಾರಿ ಮಾಲೀಕಂದು, ಓದಿಸಿದ್ರು. ಮುಚ್ಚಿ ಮತ್ತ ತೆರೆಸಿದ್ರು. ಮೂರು ಸಲ. ಅಂಗಡಿಗೆ ಫೋನ್ ಮಾಡಿ ಹೇಳ್ರಿ ಅಂದೆ. ಬ್ಯಾಡ, ನಾಳೆ ಮುಂಜಾನೆ ನಾನೇ ಹೋಗಿ ಹೇಳಬೇಕು, ಆ ಹುಡುಗನ ಮುಖ ನೋಡಬೇಕು ಅಂದ್ರು."

ಬಾಗಿಲಿನಲ್ಲಿ ನಿಂತು ಕೇಳುತ್ತಿದ್ದ ಹೆಗಡೆಯವರ ಹೆಂಡತಿ ಪರಿಮಳಾ ಮೆಟ್ಟಿಲಿಳಿದು ಬಂದರು. ಬೆಳಗಿನಿಂದ ಒಂದೇ ಸಮನೆ ಅತ್ತ ಮುಖ ಈಗ ಸ್ವಲ್ಪ ಸಡಿಲಗೊಂಡಿತ್ತು. ರಾತ್ರಿ ಹೆಗಡೆಯವರು ತಂಬುಳಿ ಎರಡು ಸಲ ಹಾಕಿಸಿಕೊಂಡರಂತೆ. ಎಂತ ಇಷ್ಟು ಖುಷಿ ಎಂದು ಕೇಳಿದರೆ ನಾಳೆ ಹೇಳುತ್ತೇನೆಂದು ಮಲಗಿದರಂತೆ.

"ಇದಕ್ಕಾ," ಅಂದರು ಪರಿಮಳಾ. "ನಾ ಎಂತೋ ಹೇಳಿ ತಿಳ್ಕಂಡಿದ್ದೆ."

ಶಂಭುಲಿಂಗ ಕಲ್ಲಿನ ಮೇಲೆ ಕುಕ್ಕರಿಸಿದ. ದಿನಾ ಕೇಳಿ ಹಳೆಯ ಉತ್ತರ ಹಿಡಿದು ಕೂತದ್ದು ತನ್ನ ಪೆಟ್ಟಿಗೆ, ಮುದುಕ ನೋಡಿಕೊಂಡೇ ಹೋಗಿದ್ದ. ಅಳು ಬರುತ್ತದೆಂದುಕೊಂಡಿದ್ದ, ಬಂದದ್ದು ನಗು. ಸಾವಿನ ಮನೆಯೆಂದು ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಆಮೇಲೆ ಅಳುವೂ ಬಂತು.

"ಕಟ್ಟಿಗೆ ಹಾಕು ತಮಾ," ಎಂದರು ಪರಿಮಳಾ. "ಅವರಿಗೆ ತಡ ಆಗ್ತದೆ."

ಅವನು ಎದ್ದು ಕೊರಡನ್ನು ಮತ್ತೆ ಹೆಗಲಿಗೇರಿಸಿದ.

*

ಎಲ್ಲ ಮುಗಿಸಿ, ಮಿಂದು ಒದ್ದೆಬಟ್ಟೆಯಲ್ಲಿ ಗಂಡಸರು ಮನೆಯಂಗಳಕ್ಕೆ ಬಂದಾಗ ಬಿಸಿಲು ಇಳಿದಿತ್ತು. ಗೀತಾ ಆಗಲೇ ಬಸ್ಸಿಗೆ ಹೋಗಿದ್ದಳು. ಶಂಭುಲಿಂಗ ಬೇಲಿಯ ಬುಡದಲ್ಲಿ ಬಿಟ್ಟಿದ್ದ ಚಪ್ಪಲಿ ಹುಡುಕುತ್ತಿದ್ದ.

"ಇನ್ನಾದ್ರೂ ಬಾಯಿ ಬಿಡು," ನಾಗಪತಿ ಭಟ್ಟರು ಪಂಚೆ ಹಿಂಡುತ್ತ, ಎಲ್ಲರಿಗೂ ಕೇಳುವಂತೆ ಅಂದರು. "ಸತ್ತವನ ಹೆಸರು ಹಾಕ್ಕಂಡು ಕೂತಿದ್ದು ಆ ಅಡ್ರೆಸ್ಸು. ಅದು ತೆರೀತದಾ, ಇಲ್ವಾ? ಕೇಳಿದ ಜನಕ್ಕೆ ಎಂತ ಹೇಳೂದು ನಾವು?"

ಉತ್ತರ ಅವನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಒಳಗೆ ಫೋನು ಹೊಡೆದುಕೊಂಡಿತು.

"ನೋಡು, ಮತ್ತೊಂದು," ಎಂದರು ಭಟ್ಟರು.

ಕಿಟಕಿಯಾಚೆ ಪರಿಮಳಾ ರಿಸೀವರ್ ಎತ್ತಿದ್ದು ಕಾಣಿಸಿತು. ಹೌದು, ಅವರ ಮನೆಯೇ ಎಂದರು. ಆಮೇಲೆ ಆ ಕಡೆಯ ಮಾತು ಕೇಳಿದರು.

"ಇಪ್ಪತ್ತಾರಾ? ಅವರ ಮಗಳಾ, ಮಂಗಳೂರಿಂದ ಮಾತಾಡ್ತಿದ್ರಾ? ಅಲ್ಲಿ ತೆರೀತಾ? ನಾ ಓದ್ಲಿಲ್ಲ. ನೀವೇ ಓದಿ ಹೇಳಿ, ಕೇಳ್ತೆ."

ಕಾಲಿನಿಂದ ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡು, ರಿಸೀವರನ್ನು ಎರಡೂ ಕೈಯಿಂದ ಕಿವಿಗೊತ್ತಿಕೊಂಡು ಅವರು ಕೂತರು. ಅಂಗಳದವರೆಲ್ಲ ಕಿಟಕಿಯ ಕಡೆ ತಿರುಗಿದ್ದರು. ಭಟ್ಟರ ಕೈಯಲ್ಲಿ ಅರ್ಧ ಹಿಂಡಿದ ಪಂಚೆಯಿಂದ ನೀರು ಅವರದೇ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಶಂಭುಲಿಂಗ ಚಪ್ಪಲಿ ಮೆಟ್ಟಿಕೊಂಡು, ಬೇಲಿಯ ತಡೆ ಸರಿಸಿ, ಬಸ್ ನಿಲ್ಲುವ ಕಡೆ ನಡೆದ.