ಸೀಟಿ ಊದುವ ಮೊದಲು

ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಭುವನೇಶ್ವರಿ ಹೆರಿಗೆ ರಜೆ ಮುಗಿಸಿ ಬಂದ ಮೂರನೇ ದಿನವೇ ಸೀಟಿ ಊದುವುದನ್ನು ಬಿಟ್ಟಳು. ನಿಲ್ಲಲು ಒಮ್ಮೆ, ಹೊರಡಲು ಎರಡು ಸಲ ಬಸ್ಸಿನ ತಗಡು ಬಡಿಯುತ್ತಿದ್ದಳು. ಕಾರಣ ಯಾರಿಗೂ ಹೇಳಿರಲಿಲ್ಲ. ಸೀಟಿ ಊದಿದಾಗಲೆಲ್ಲ ಒಂದಿಷ್ಟು ಮೂತ್ರ ಹೋಗುತ್ತಿತ್ತು.

ಸೀನಿದಾಗ, ಏಳು ತಿಂಗಳ ಮಗಳನ್ನು ಎತ್ತಿದಾಗಲೂ ಕೆಲವೊಮ್ಮೆ ಹೀಗಾಗುತ್ತಿತ್ತು. ಆದರೆ ಸೀಟಿ ಊದಿದಾಗ ಒಂದು ಸಲವೂ ತಪ್ಪುತ್ತಿರಲಿಲ್ಲ. ಬಾಯಲ್ಲಿ ಊದಿದ್ದು ಕೆಳಗೆ ಹೇಗೆ ಮುಟ್ಟುತ್ತದೆ ಎಂಬುದು ಅವಳಿಗೆ ಬಗೆಹರಿದಿರಲಿಲ್ಲ.

ಡ್ರೈವರ್ ದಾದೇಸಾಬನಿಗೆ ಈ ಬಡಿತ ಸೇರಲಿಲ್ಲ. "ಭುವನವ್ವ, ನೀ ತಗಡು ಬಡಿದ್ರ ನನಗ ಬಸ್ಸಿನ ನಟ್ಟು ಸಡ್ಲಾದಂಗ ಕೇಳ್ತೈತಿ," ಎಂದು ನಗುತ್ತಿದ್ದ.

ಒಂದು ಗುರುವಾರ ಆ ಮಾತು ನಿಜವಾಯಿತು. ಮಸ್ಕಿಯಲ್ಲಿ ಮುದುಕಿಯೊಬ್ಬಳು ಇಳಿಯುತ್ತಿದ್ದಳು. ಒಂದು ಕಾಲು ನೆಲದ ಮೇಲೆ, ಇನ್ನೊಂದು ಮೆಟ್ಟಿಲ ಮೇಲೆ. ಹಿಂದಿನ ಸೀಟಿನ ಬಳಿ ಸಡಿಲಾಗಿದ್ದ ತಗಡು ಇಂಜಿನ್ನಿನ ಅದುರಿಗೆ ತಾನಾಗಿಯೇ ಎರಡು ಸಲ ಬಡಿದುಕೊಂಡಿತು. ಹೊರಡುವ ಸನ್ನೆಯೆಂದುಕೊಂಡು ದಾದೇಸಾಬ ಬಸ್ಸು ಬಿಟ್ಟ. ಭುವನೇಶ್ವರಿ ಮುದುಕಿಯ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಗಾಯವಾಗಲಿಲ್ಲ.

ಲಿಂಗಸುಗೂರಿನಲ್ಲಿ ದಾದೇಸಾಬ ಇಂಜಿನ್ ಆರಿಸಿ ಕೆಳಗಿಳಿದು ಬಂದ. ಆಮೇಲೆ ಇಷ್ಟೇ ಹೇಳಿದ: "ಸೋಮವಾರದಿಂದ ಸೀಟಿ ಇಲ್ಲಂದ್ರ ಬ್ಯಾರೆ ಕಂಡಕ್ಟರ್ ಕೊಡ್ರಿ ಅಂತ ನಾನೇ ಡಿಪೋದಾಗ ಕೇಳ್ತೀನಿ. ಸಿಟ್ಟಾಗಬ್ಯಾಡ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬಸ್ಸಿನಿಂದ ತೆಗೆದರೆ ಕಚೇರಿಯ ಮೇಜಿನ ಮುಂದೆ ಕೂರಿಸುತ್ತಾರೆ. ಮರಳಿ ಬಸ್ಸು ಸಿಗುವ ಖಾತ್ರಿಯಿಲ್ಲ. ಅವಳಿಗೆ ಬೇಕಾಗಿದ್ದುದು ಬಸ್ಸು.

ಆ ಸಂಜೆ ಸಾಲಗುಂದದ ಮನೆಯಲ್ಲಿ ಅತ್ತೆ ಗುರುಲಿಂಗಮ್ಮನಿಗೆ ಮೊದಲ ಸಲ ವಿಷಯ ಹೇಳಿದಳು. ಅತ್ತೆಗೆ ಆಶ್ಚರ್ಯವೇನೂ ಆಗಲಿಲ್ಲ. ಹೊಟ್ಟೆಗೆ ಸೀರೆ ಇನ್ನಷ್ಟು ಬಿಗಿದು ಕಟ್ಟಿಕೊಳ್ಳಲು ಹೇಳಿದಳು.

"ನಾ ಮೂರು ಹಡದೀನಿ. ಕೆಮ್ಮು ಬಂದ್ರ ಇವತ್ತಿಗೂ ಕಾಲಿಗೆ ಕಾಲು ಹೆಣಕೊಂಡು ನಿಲ್ತೀನಿ."

"ಯಾರಿಗೂ ಕೇಳಲಿಲ್ಲೇನು ಅತ್ತಿ?"

"ಕೇಳೂದೇನೈತಿ? ಎಲ್ಲಾರೂ ಹಂಗ ನಿಲ್ತಿದ್ರು."

ಶುಕ್ರವಾರ ಲಿಂಗಸುಗೂರಿನಲ್ಲಿ ಬಸ್ಸು ನಿಂತಿದ್ದ ಮುಕ್ಕಾಲು ಗಂಟೆಯಲ್ಲಿ ಭುವನೇಶ್ವರಿ ಆಸ್ಪತ್ರೆಗೆ ಹೋದಳು. ಡಾಕ್ಟರು ಪರೀಕ್ಷಿಸಿ ಫಿಜಿಯೋಥೆರಪಿಸ್ಟ್ ಆರ್ಜೂ ಬಳಿ ಕಳಿಸಿದರು. ಭುವನೇಶ್ವರಿಯ ಮೊದಲ ಪ್ರಶ್ನೆ ಸೀಟಿಯದೇ ಆಗಿತ್ತು. ಆರ್ಜೂ ಕೈಸನ್ನೆ ಮಾಡಿ ವಿವರಿಸಿದಳು. ಊದುವಾಗ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ. ಆ ಭಾರವನ್ನು ತಳದಲ್ಲಿ ಕೂಸಿನ ಜೋಳಿಗೆಯಂತೆ ಕಟ್ಟಿರುವ ಸ್ನಾಯು ಹೊರುತ್ತದೆ. ಬಸಿರು, ಹೆರಿಗೆಗಳಲ್ಲಿ ಅದು ಜಗ್ಗಿ ಸಡಿಲಾಗಿರುತ್ತದೆ. ಹೊಟ್ಟೆ ಬಿಗಿದು ಕಟ್ಟಿದರೆ ಆ ಸ್ನಾಯುವಿಗೆ ಬಲ ಬರುವುದಿಲ್ಲ, ಕೆಳಗಿನ ಒತ್ತಡ ಹೆಚ್ಚಬಹುದು.

ಮೂತ್ರ, ಗಾಳಿ ಎರಡನ್ನೂ ತಡೆಯುವಂತೆ ಬಿಗಿಹಿಡಿಯಲು ಹೇಳಿ ಆರ್ಜೂ ಅವಳ ಹೊಟ್ಟೆಯ ಮೇಲೆ ಕೈಯಿಟ್ಟಳು. ಭುವನೇಶ್ವರಿ ಉಸಿರು ಕಟ್ಟಿ ತಿಣುಕಿದಳು.

"ಅಕ್ಕಾರ, ನೀವು ಕೆಳಗ ತಳ್ಳಾಕತ್ತೀರಿ. ನಾ ಮ್ಯಾಲೆ ಎತ್ರಿ ಅಂದೆ. ಇದೇನು ಹೆರಿಗಿ ಅಲ್ಲ."

ಐದನೇ ಪ್ರಯತ್ನಕ್ಕೆ ಸರಿಯಾಯಿತು. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಹತ್ತು ಸಲ. ಪೂರ್ತಿ ಫಲ ಕಾಣಲು ಮೂರು ತಿಂಗಳಾದರೂ ಬೇಕು. ಸೋಮವಾರಕ್ಕೆ ಮೂರೇ ದಿನ ಉಳಿದಿತ್ತು. ಅದಕ್ಕೂ ಒಂದು ದಾರಿಯಿತ್ತು. ಮೊದಲು ಬಿಗಿಹಿಡಿ, ಆಮೇಲೆ ಚಿಕ್ಕದಾಗಿ ಊದು. ಪೂರ್ತಿ ನಿಲ್ಲದಿದ್ದರೂ ಕಡಿಮೆಯಾಗುತ್ತದೆ, ಅಲ್ಲಿಯವರೆಗೆ ಪ್ಯಾಡ್ ಇರಲಿ ಎಂದಳು ಆರ್ಜೂ.

ಸೋಮವಾರ ಹೊರಡುವ ಮುಂಚೆ ಭುವನೇಶ್ವರಿ ದಾದೇಸಾಬನ ಕಿಟಕಿಯ ಬಳಿ ನಿಂತಳು. "ಕಾಕಾ, ಹೆರಿಗಿ ಆದಮ್ಯಾಲೆ ಜೋರ್ ಊದಾಕ ತ್ರಾಸ ಐತಿ. ಸೀಟಿ ಊದ್ತೀನಿ, ಆದ್ರ ಒಂದು ಗಳಿಗಿ ತಡ ಆಗ್ತೈತಿ. ಮೂರು ತಿಂಗಳು."

ಅವನು ಸ್ಟೇರಿಂಗ್ ಒರೆಸುತ್ತ, "ತಡ ಆದ್ರ ಆಗ್ಲಿ. ಕೇಳಿದ್ರ ಸಾಕು," ಎಂದ. ಮಧ್ಯಾಹ್ನ ಹಿಂದಿನ ತಗಡಿಗೆ ತಾನೇ ತಂತಿ ಬಿಗಿದ.

ಹನ್ನೊಂದನೇ ವಾರ ಮಸ್ಕಿಯಲ್ಲಿ ಬಸ್ಸು ರಿವರ್ಸ್ ಬರುತ್ತಿದ್ದಾಗ ಹಿಂದೆ ಬೈಕೊಂದು ನುಗ್ಗಿತು. ಭುವನೇಶ್ವರಿ ಯೋಚಿಸದೆ ಉದ್ದಕ್ಕೆ, ಜೋರಾಗಿ ಊದಿದಳು. ಬಸ್ಸು ತಕ್ಷಣ ನಿಂತಿತು. ಊದುವ ಮೊದಲು ಬಿಗಿಹಿಡಿದೆನೋ ಇಲ್ಲವೋ ಎಂಬುದು ಅವಳಿಗೆ ನೆನಪಾಗಲಿಲ್ಲ. ಲಿಂಗಸುಗೂರಿನ ಶೌಚಾಲಯದಲ್ಲಿ ನೋಡಿಕೊಂಡಳು. ಪ್ಯಾಡ್ ಒದ್ದೆಯಾಗಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅತ್ತೆಗೆ ಹೇಳಿದಳು. ಗುರುಲಿಂಗಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಅರವತ್ತೆರಡು ವರ್ಷದವರಿಗೂ ಹಾಗೆ ಬಿಗಿಹಿಡಿಯುವುದನ್ನು ಕಲಿಸುತ್ತಾರೇನು ಎಂದು ಕೇಳಿದಳು.