ಮನೆ ನೋಡಲು ಹೋದ ಚನಮಲ್ಲಪ್ಪ

ಗಲಗಲಿಯ ಚನಮಲ್ಲಪ್ಪ ಯಾರ ಮನೆಗೆ ಹೋದರೂ ಮೊದಲು ಕೇಳುತ್ತಿದ್ದುದು ನೀರು. ಆದರೆ ನೀರಡಿಸಿ ಕೇಳಿದ್ದನ್ನು ಕಂಡವರು ಕಡಿಮೆ. ಹೆಣ್ಣು ಕೊಡುವ ಮುನ್ನ ಗಂಡಿನ ಮನೆ ನೋಡಿ ಬರುವ ರೂಢಿ ನಮ್ಮ ಕಡೆ ಉಂಟಲ್ಲ, ಆ ಕೆಲಸಕ್ಕೆ ಬೀಳಗಿ, ಜಮಖಂಡಿ ಎರಡೂ ತಾಲ್ಲೂಕಿನ ಬಂಧುಬಳಗ ಅವನನ್ನೇ ಮುಂದೆ ಮಾಡಿಕೊಂಡು ಹೋಗುತ್ತಿತ್ತು. ಉಳಿದವರು ಹೊಲವೆಷ್ಟು, ಎತ್ತೆಷ್ಟು, ಕಬ್ಬು ಎಷ್ಟು ಟನ್ನು ಎಂದು ಪಡಸಾಲೆಯಲ್ಲಿ ವಿಚಾರಿಸುತ್ತ ಕೂತಾಗ, ಇವನು ಮೆಲ್ಲನೆ ಎದ್ದು ಹಿತ್ತಲ ಕಡೆ ನಡೆದು, ಆ ಮನೆಯ ಎಲ್ಲರಿಗಿಂತ ಕಿರಿಯ ಸೊಸೆ ಯಾರೋ ಅವಳನ್ನೇ ಹುಡುಕಿ, "ಒಂದೀಟ ನೀರ ಕೊಡಬೇ ಯವ್ವಾ" ಎನ್ನುತ್ತಿದ್ದ. ತಂಬಿಗೆ ಅದ್ದುವ ಮುನ್ನ ಅವಳು ಹೊರಳಿ ಬೇರೆಯವರ ಮುಖ ನೋಡಿದಳೋ, ಮುಗಿಯಿತು. ಅಂಗಳದಲ್ಲಿ ಮೂರು ಟ್ರ್ಯಾಕ್ಟರ್ ನಿಂತಿದ್ದರೂ ಸಂಬಂಧ ಅಲ್ಲಿಗೇ ನಿಲ್ಲುತ್ತಿತ್ತು. ಸ್ವಂತ ಮಗಳು ಶಿವಗಂಗವ್ವನಿಗೇ ಹೀಗೆ ಮೂರು ಮನೆ ಬಿಟ್ಟು ನಾಲ್ಕನೆಯದನ್ನು ಒಪ್ಪಿದವನು. "ಚನಮಲ್ಲಪ್ಪ ವರಾ ನೋಡೂದಿಲ್ಲ, ಬಾವಿ ನೋಡತಾನ" ಎಂದು ಊರವರು ಆಡಿಕೊಂಡು ನಗುತ್ತಿದ್ದರು.

ಎತ್ತರದ ಆಳು. ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿ, ಡಾಂಬರು ರಸ್ತೆಯ ಮೇಲೂ ಹೊಲದ ಬದುವಿನ ಮೇಲೆ ನಡೆದಂತೆ ಒಂದೇ ಗೆರೆ ಹಿಡಿದು ನಡೆಯುತ್ತಿದ್ದ. ಮಾತಿಗೊಮ್ಮೆ "ಖರೆ, ಆದ್ರ" ಎನ್ನುವುದು ಅವನ ಚಾಳಿ. ಖರೆ ಎಂದಾಗ ಕೇಳುವವರ ಜೀವ ಹಗುರಾಗುತ್ತಿತ್ತು, ಆದ್ರ ಎಂದಾಗ ಮತ್ತೆ ಕುಗ್ಗುತ್ತಿತ್ತು. ಇನ್ನು ಆ ಕರಿಯ ಕೋಟು: ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ನಿಂತು ಕೃಷ್ಣೆಗೆ ಬ್ಯಾರೇಜು ಕಟ್ಟಿದ ವರ್ಷ ಹೊಲಿಸಿದ್ದು, ಮನೆ ನೋಡಲು ಹೋಗುವ ದಿನ ಮಾತ್ರ ಪೆಟ್ಟಿಗೆಯಿಂದ ಹೊರಬಂದು, ಡಾಂಬರು ಗುಳಿಗೆಯ ವಾಸನೆಯನ್ನು ಯಜಮಾನನಿಗಿಂತ ಮೊದಲೇ ಬೀಗರ ಅಂಗಳಕ್ಕೆ ಮುಟ್ಟಿಸುತ್ತಿತ್ತು.

ಎರಡು ಸಾವಿರದ ಹನ್ನೆರಡನೆಯ ಇಸವಿಯಲ್ಲಿ ಮೊಮ್ಮಗಳು ರಾಜೇಶ್ವರಿಗೆ ತೋಟಗಾರಿಕೆಯ ಪದವಿಗೆ ಸೀಟು ಸಿಕ್ಕಿತು. ವಿಶ್ವವಿದ್ಯಾಲಯದಿಂದ ಪತ್ರ ಬಂತು: ಪ್ರವೇಶ ದೊರೆತವರು ಮನೆಯವರೊಂದಿಗೆ ಇಂಥ ದಿನ ಬಂದು ತರಗತಿ, ವಸತಿಗೃಹ ಎಲ್ಲವನ್ನೂ ನೋಡಬಹುದು, ಒಪ್ಪಿಗೆಯಾದವರು ಅಂದೇ ಮೂಲ ಅಂಕಪಟ್ಟಿ ಒಪ್ಪಿಸಬೇಕು, ತಪ್ಪಿದರೆ ಸೀಟು ಬೇರೆಯವರಿಗೆ. ಅವಳ ತಂದೆ ಸೋಮಲಿಂಗ ಹೈಸ್ಕೂಲು ಮಾಸ್ತರನಾಗಿಯೂ ಅಪ್ಪನ ಎದುರು ಕುರ್ಚಿಯ ಮೇಲೆ ಕೂತವನಲ್ಲ. ಪತ್ರವನ್ನು ನಿಂತೇ ಓದಿ ಹೇಳಿದ. ಚನಮಲ್ಲಪ್ಪ ಕಣ್ಣು ಮುಚ್ಚಿ ಕೇಳಿ, "ಅಂದ್ರ, ಮನಿ ನೋಡಾಕ ಕರದಾರ. ನೋಡೂಣು" ಎಂದು ಎದ್ದು ಪೆಟ್ಟಿಗೆಯ ಕೀಲಿ ತೆಗೆದ. ಕೋಟು ಕಂಡದ್ದೇ ರಾಜೇಶ್ವರಿಗೆ ತಿಳಿದುಹೋಯಿತು, ಅಲ್ಲಿಯೂ ನೀರು ಕೇಳದೆ ಬಿಡುವುದಿಲ್ಲವೆಂದು. ಅವಳ ಅಂಕಪಟ್ಟಿಯ ಲಕ್ಕೋಟೆ ಆ ಕೋಟಿನ ಒಳಜೇಬು ಸೇರಿತು.

ಈ ನೀರಿನ ಹಟದ ಬೇರು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು; ಸೋದರತ್ತೆ ಶಿವಗಂಗವ್ವ ಹೇಳಿದ್ದಳು. ಚನಮಲ್ಲಪ್ಪನ ಅಕ್ಕ ಕಸ್ತೂರೆವ್ವನನ್ನು ಕೊಡುವಾಗ ಅವರಪ್ಪ ಗಂಡಿನ ಮನೆಯ ಹನ್ನೆರಡು ಎತ್ತು ಎಣಿಸಿ, ಸಿಹಿಯುಂಡು, ಮಾತು ಕೊಟ್ಟು ಬಂದಿದ್ದ. ಮದುವೆಯಾದ ವರ್ಷ ಅಕ್ಕನನ್ನು ನೋಡಲು ಹೋದ ಹತ್ತು ವರ್ಷದ ಚನಮಲ್ಲಪ್ಪ ನೀರು ಕೇಳಿದ. ಬೆನ್ನಟ್ಟಿ ಹೊಡೆದಾಡುತ್ತ ಬೆಳೆದ ಆ ಅಕ್ಕ, ಕೈಯಲ್ಲಿ ತಂಬಿಗೆ ಹಿಡಿದು, ಬಾಗಿಲಲ್ಲಿ ಕೂತ ಅತ್ತೆಯ ಕಡೆ ನೋಡಿದಳು. ಅತ್ತೆ ಕತ್ತು ಆಡಿಸಿದ ಮೇಲೆಯೇ ನೀರು ಬಂತು. ಕಸ್ತೂರೆವ್ವ ಆ ಮನೆಯಲ್ಲೇ ಸವೆದು ತೀರಿದಳು. ಆ ಒಂದು ತಂಬಿಗೆ ನೀರು ಮಾತ್ರ ತಮ್ಮನ ಗಂಟಲಿನಿಂದ ಇಳಿಯಲೇ ಇಲ್ಲ.

ಆ ದಿನ ಮೂವರೂ ನಸುಕಿನ ಬಸ್ಸು ಹಿಡಿದು, ಹೊತ್ತೇರುವ ಮೊದಲೇ ವಿಶ್ವವಿದ್ಯಾಲಯ ಮುಟ್ಟಿದರು. ಪೆಂಡಾಲು ಹಾಕಿದ್ದರು, ಬಂದವರಿಗೆಲ್ಲ ಉಪ್ಪಿಟ್ಟು, ಶಿರಾ. ತಾಟು ಎದುರಿಗೆ ಬಂದಾಗ ಚನಮಲ್ಲಪ್ಪ ಅಂಗೈ ಅಡ್ಡ ಹಿಡಿದು, "ಮಾತ ಗಟ್ಟಿ ಆಗೂತನಕ ಸಿಹಿ ಮುಟ್ಟಬಾರದ್ರಿ" ಎಂದ. ಬಡಿಸುವವನು ಬೆಪ್ಪಾಗಿ ನಿಂತ. ಹಿರಿಯ ಬಿಟ್ಟದ್ದನ್ನು ಕಿರಿಯರು ಉಣ್ಣುವ ಹಾಗಿಲ್ಲ. ತಂದೆ-ಮಗಳು ತುಪ್ಪದ ಘಮ ಕುಡಿದೇ ಹಸಿವು ತಣಿಸಿಕೊಂಡರು. ನೆಲ ಬಾಯಿಬಿಡಬಾರದೇ ಎನಿಸಿತು ರಾಜೇಶ್ವರಿಗೆ. ಮುಂದೆ ಪ್ರಯೋಗಾಲಯ ತೋರಿಸಿದ ಪ್ರಾಧ್ಯಾಪಕರನ್ನು ಅವಳ ಮುತ್ಯಾ, ಅಂದರೆ ಅಜ್ಜ, "ಈ ಮನ್ಯಾಗ ಒಟ್ಟ ಮಂದಿ ಎಷ್ಟರೀ?" ಎಂದು ಕೇಳಿದಾಗ, ಪುಣ್ಯಕ್ಕೆ ಅವರು ಜಮಖಂಡಿ ಹತ್ತಿರದ ಹುನ್ನೂರ ಕಡೆಯವರು, ಕೋಟನ್ನೊಮ್ಮೆ ನೋಡಿ ಎಲ್ಲವನ್ನೂ ಅರ್ಥ ಮಾಡಿಕೊಂಡು, "ಎರಡ ಸಾವಿರ ಅದೀವ್ರಿ ಯಜಮಾನ್ರ, ಒಂದ ಒಲಿ ಮ್ಯಾಲ ಅಲ್ಲ" ಎಂದರು. "ಖರೆ, ಆದ್ರ ಹೆಣ್ಣಮಕ್ಕಳ ಇರೂದು ತೋರಸ್ರಿ" ಎಂದ ಮುತ್ಯಾ.

ವಸತಿಗೃಹದ ಮೇಲ್ವಿಚಾರಕಿ ಎಲ್ಲರನ್ನೂ ಕರೆದುಕೊಂಡು ಮಂಚ, ಕಪಾಟು, ಸ್ನಾನದ ಮನೆ ತೋರಿಸುತ್ತಿದ್ದರು. ಗುಂಪು ಮುಂದೆ ಹೋಯಿತು, ಚನಮಲ್ಲಪ್ಪ ಹಿಂದುಳಿದ. ರಾಜೇಶ್ವರಿಗೆ ತಿಳಿಯಿತು, ಹೊತ್ತು ಬಂತೆಂದು. ಅವಳೂ ಹಿಂದೆಯೇ ಹೋದಳು. ಓದುವ ಕೋಣೆಯ ಕಿಟಕಿಯ ಹತ್ತಿರ ಒಬ್ಬಳೇ ಹುಡುಗಿ, ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ, ತೊಡೆಯ ಮೇಲೆ ದಪ್ಪ ಪುಸ್ತಕ ಇಟ್ಟುಕೊಂಡು ಕೂತಿದ್ದಳು.

"ಒಂದೀಟ ನೀರ ಕೊಡಬೇ ಯವ್ವಾ."

ಹುಡುಗಿ ತಲೆ ಎತ್ತಿ ನಕ್ಕಳು. ಏಳಲಿಲ್ಲ. "ಅಲ್ಲೆ ಮೂಲ್ಯಾಗ ಫಿಲ್ಟರ್ ಐತ್ರಿ ಅಜ್ಜಾರ, ಲೋಟಾನೂ ಅಲ್ಲೇ ಅದಾವು. ತಗೊಂಡ ಕುಡೀರಿ, ನಂದ ನಾಳೆ ಪರೀಕ್ಷಾ ಐತಿ" ಎಂದು ಬೆರಳು ತೋರಿಸಿ ಮತ್ತೆ ಪುಸ್ತಕಕ್ಕೆ ಇಳಿದಳು.

ನೀರು ಕೇಳಿದ ಹಿರಿಯನಿಗೆ ಕಾಲು ಚಾಚಿಕೊಂಡೇ ದಾರಿ ತೋರಿಸಿದ ಹೆಣ್ಣುಮಗಳನ್ನು ಮುತ್ಯಾ ತನ್ನ ಎಪ್ಪತ್ತು ವರ್ಷದಲ್ಲಿ ಕಂಡಿರಲಿಕ್ಕಿಲ್ಲ. ಆಯಿತು, ಸೀಟು ಹೋಯಿತು ಎಂದುಕೊಂಡಳು ರಾಜೇಶ್ವರಿ. ಅಷ್ಟರಲ್ಲಿ ಹಿಂದುಳಿದವರನ್ನು ಹುಡುಕುತ್ತ ಮೇಲ್ವಿಚಾರಕಿಯೇ ಬಂದರು. ಈಗಲಾದರೂ ಹುಡುಗಿ ಗಡಬಡಿಸಿ ಏಳುವಳೆಂದು ಮುತ್ಯಾ ನೋಡುತ್ತಲೇ ಇದ್ದ. ಅವಳು ಕಾಲನ್ನೂ ಎಳೆದುಕೊಳ್ಳಲಿಲ್ಲ. ಮೇಲ್ವಿಚಾರಕಿಯೇ ದನಿ ಇಳಿಸಿ, "ಸಾವಕಾಶ ಬರ್ರಿ, ಹುಡಿಗಿ ಓದಾಕತ್ತಾಳ" ಎಂದು ತುದಿಗಾಲಲ್ಲಿ ಹೊರಟರು.

ಚನಮಲ್ಲಪ್ಪ ಮೂಲೆಗೆ ನಡೆದ. ತಾನೇ ಲೋಟ ತೊಳೆದ, ತಾನೇ ನಳ ತಿರುವಿದ, ನಿಂತಲ್ಲೇ ಪೂರ್ತಿ ಕುಡಿದು ಮೀಸೆ ಒರೆಸಿಕೊಂಡ. "ಖರೆ" ಎಂದ.

ಅದರ ಬೆನ್ನಿಗೇ ಬರುವ 'ಆದ್ರ'ಕ್ಕಾಗಿ ರಾಜೇಶ್ವರಿ ಕಾದಳು. ಅದು ಬರಲಿಲ್ಲ. ಮುತ್ಯಾ ಕೋಟಿನೊಳಗೆ ಕೈ ಹಾಕಿ ಲಕ್ಕೋಟೆ ತೆಗೆದು ಅವಳ ಕೈಗಿಟ್ಟ.

"ಆಕಿ ಏಳಲಿಲ್ಲ ನೋಡು. ಓದೂ ಹುಡಿಗೀನ ಎಬ್ಬಸೂ ಮಂದಿ ಇಲ್ಲ ಈ ಮನ್ಯಾಗ. ನಮ್ಮ ಕಸ್ತೂರೆವ್ವಗ ಇಂಥಾದೊಂದ ಮನಿ ಸಿಗಲಿಲ್ಲ" ಎಂದು ಲೋಟವನ್ನು ಇದ್ದಲ್ಲೇ ಬೋರಲಿಟ್ಟು, "ನಡಿ, ನಿಮ್ಮಪ್ಪಗ ಕೊಡು ಇದನ್ನ. ಶಿರಾ ಉಳದೈತೇನ ಕೇಳೂಣು" ಎಂದ. ಉಳಿದಿತ್ತು. ಮುತ್ಯಾ ಎರಡು ಸಲ ಹಾಕಿಸಿಕೊಂಡ. ರಾಜೇಶ್ವರಿ ಅಳು ಬಂದದ್ದು ತೋರಬಾರದೆಂದು ಗಬಗಬ ಉಂಡಳು. ಸೋಮಲಿಂಗ ಅಂಕಪಟ್ಟಿ ಒಪ್ಪಿಸಿ ಬಂದು, ಯಾವ ಧೈರ್ಯ ಬಂತೋ, ಅಪ್ಪನ ಪಕ್ಕದ ಕುರ್ಚಿಯ ಮೇಲೆ ಕೂತ.

ಇಂಥ ಹಿರಿಯರನ್ನು ಹಟಮಾರಿಗಳೆಂದು, ಕಾಲ ತಿಳಿಯದವರೆಂದು ನಾವು ಸುಲಭವಾಗಿ ದೂರುತ್ತೇವೆ. ವಿಶ್ವವಿದ್ಯಾಲಯಕ್ಕೂ ಬೀಗರ ಮನೆಗೂ ವ್ಯತ್ಯಾಸ ಅರಿಯದೆ ಒಂದೇ ಕೋಟು ತೊಟ್ಟು ಹೋಗುವವರು ಅವರು, ನಿಜ. ಆದರೆ ಮನೆಯ ಹಿರಿಯನನ್ನು ಕಂಡು ಮನೆಯನ್ನು ಅಳೆಯುವವರು ಊರ ತುಂಬ ಇದ್ದಾರೆ. ಕಿರಿಯಳನ್ನು ಕಂಡು ಅಳೆಯುವವರು ಅಪರೂಪ. ಅವರು ಬೇಡವೆಂದಾಗ ಊರು ನಗುತ್ತದೆ. ಅವರು ಹೂಂ ಎಂದ ದಿನ, ಆ ಒಂದು ಮಾತನ್ನೇ ನಂಬಿ, ಹೆಣ್ಣುಮಗಳೊಬ್ಬಳು ನಿಶ್ಚಿಂತೆಯಿಂದ ಹೊರಡಲು ಗಂಟು ಕಟ್ಟುತ್ತಾಳೆ.